ಹತ್ತು ಸಲ ಕೇಳಿ ಕೈಬಿಡುವ ವಿದ್ಯೆ

ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಆರನೇ ಆವೃತ್ತಿ ಬೆಲ್ ಲ್ಯಾಬ್ಸ್‌ನಿಂದ ಹೊರಬಂದದ್ದು 1975ರಲ್ಲಿ. ಅದರೊಳಗೆ ಆರ್‌ಕೆ05 ಎಂಬ ಡಿಸ್ಕನ್ನು ನಡೆಸುವ ಡ್ರೈವರ್ ಒಂದಿದೆ. ಡಿಸ್ಕ್ ಎಂದರೆ ಹದಿನಾಲ್ಕು ಇಂಚಿನ ಒಂದೇ ತಟ್ಟೆ. ಕಳಚಿ ಕಂಕುಳಲ್ಲಿಟ್ಟುಕೊಂಡು ಹೋಗಬಹುದಾದ ಆ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದುದು ಸುಮಾರು 2.5 ಮೆಗಾಬೈಟ್, ಇವತ್ತಿನ ಒಂದು ಮೊಬೈಲ್ ಫೋಟೋದಷ್ಟು. ಡ್ರೈವರೂ ಅದಕ್ಕೆ ತಕ್ಕ ಹಾಗೆ ಚಿಕ್ಕದು, ಎರಡು ಮೂರು ಪುಟಗಳಲ್ಲಿ ಮುಗಿದುಹೋಗುತ್ತದೆ. ಕೆಲಸ ಕೆಟ್ಟಾಗ ಏನು ಮಾಡಬೇಕೆಂಬ ಭಾಗ ಬರೀ ಏಳೆಂಟು ಸಾಲು. ಕಂಟ್ರೋಲರ್ ತಪ್ಪಾಯಿತೆಂದು ಹೇಳಿದರೆ ಮೊದಲು ಕನ್ಸೋಲಿನ ಮೇಲೆ ಒಂದು ಸಂದೇಶ ಅಚ್ಚಾಗುತ್ತದೆ. ಆಮೇಲೆ ಕಂಟ್ರೋಲರಿಗೆ ರೀಸೆಟ್ ಆಜ್ಞೆ ಹೋಗುತ್ತದೆ. ಅದು ಸಿದ್ಧವಾಗುವವರೆಗೆ ಡ್ರೈವರ್ ಕಾದು, ಅದೇ ಕೆಲಸವನ್ನು ಮತ್ತೆ ಒಪ್ಪಿಸುತ್ತದೆ. ಹೀಗೆ ಹತ್ತು ಸಲ. ಹನ್ನೊಂದನೆಯ ಸಲವೂ ಕೆಟ್ಟರೆ ಕೈಚೆಲ್ಲಿ, ಕೇಳಿದ ಪ್ರೋಗ್ರಾಮಿಗೆ ‘ಆಗಲಿಲ್ಲ’ ಎಂದು ತಿಳಿಸುತ್ತದೆ.

ಹತ್ತೇ ಏಕೆ ಎಂಬುದಕ್ಕೆ ಕೋಡಿನಲ್ಲಿ ವಿವರಣೆ ಇಲ್ಲ. ಅದಿರಲಿ, ಹೆಚ್ಚು ಕುತೂಹಲ ಹುಟ್ಟಿಸುವುದು ನಡುವಿನ ಆ ‘ಕಾಯುವ’ ಸಾಲು. ಮರುಪ್ರಯತ್ನಕ್ಕೆ ಹತ್ತರ ಲೆಕ್ಕವಿದೆ, ಕಾಯುವುದಕ್ಕೆ ಯಾವ ಲೆಕ್ಕವೂ ಇಲ್ಲ. ಸಿದ್ಧವೇ? ಇಲ್ಲ. ಸಿದ್ಧವೇ? ಇಲ್ಲ. ರೀಸೆಟ್ ಮಾಡಿದ ಕಂಟ್ರೋಲರ್ ಎಂದೆಂದೂ ಸಿದ್ಧವಾಗದಿದ್ದರೆ ಡ್ರೈವರ್ ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತದೆ. ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವ ಸಂಕೇತ) ಸಂಭಾಳಿಸುವ ಹೊತ್ತಿನಲ್ಲಿ ಈ ಸುತ್ತು ನಡೆಯುವುದರಿಂದ ಬೇರೆ ಯಾವ ಪ್ರೋಗ್ರಾಮಿಗೂ ಸರದಿ ಬರುವುದಿಲ್ಲ. ಇಡೀ ಯಂತ್ರ ಆ ಒಂದು ಸಾಲಿನಲ್ಲಿ ಸಿಕ್ಕಿಬೀಳುತ್ತದೆ. ಡಿಸ್ಕಿನ ತಟ್ಟೆ ಕೆಡಬಹುದೆಂದು ಬರೆದವರಿಗೆ ಗೊತ್ತಿತ್ತು. ಕಂಟ್ರೋಲರ್ ಮಾತ್ರ ಕೆಡುವುದಿಲ್ಲ ಎಂಬ ನಂಬಿಕೆ ಆ ಸಾಲಿನಲ್ಲಿ ಉಳಿದುಹೋಗಿದೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ 1977ರಲ್ಲಿ ಈ ಆವೃತ್ತಿಯ ಕರ್ನಲ್ಲಿಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ವಿದ್ಯಾರ್ಥಿಗಳಿಗಾಗಿ ವ್ಯಾಖ್ಯಾನ ಬರೆದರು. ಬೆಲ್ ಲ್ಯಾಬ್ಸ್‌ನ ಮಾತೃಸಂಸ್ಥೆ ಎಟಿ ಅಂಡ್ ಟಿ ಅದರ ಪ್ರಸಾರಕ್ಕೆ ಕಡಿವಾಣ ಹಾಕಿದ ಮೇಲೆ ಪುಸ್ತಕ ಜೆರಾಕ್ಸಿನ ಜೆರಾಕ್ಸಾಗಿ ದೇಶದೇಶ ತಿರುಗಿತು. ರಾಜಾರೋಷವಾಗಿ ಅಚ್ಚಾಗಲು 1996 ಬರಬೇಕಾಯಿತು. ಡ್ರೈವರ್ ಬರೆಯುವ ಕಸುಬನ್ನು ಎಷ್ಟೋ ಮಂದಿ ಕಲಿತದ್ದು ಆ ಮಸುಕು ಪುಟಗಳಿಂದ. ಹತ್ತರ ಲೆಕ್ಕದ ಜೊತೆಗೆ ಲೆಕ್ಕವಿಲ್ಲದ ಕಾಯುವಿಕೆಯೂ ಅವರ ಕೈಗೆ ಬಂತು.

ಇಲ್ಲಿ ಕಂಟ್ರೋಲರ್ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಪರೇಟಿಂಗ್ ಸಿಸ್ಟಮ್ ಉಗ್ರಾಣದೊಳಕ್ಕೆ ತಾನೇ ಹೋಗುವುದಿಲ್ಲ. ಬಾಗಿಲಲ್ಲಿ ಕೂತವನ ಕೈಗೆ ಚೀಟಿ ಕೊಟ್ಟು ಸಾಮಾನು ತರಿಸಿಕೊಳ್ಳುತ್ತದೆ. ಉಗ್ರಾಣ ಡಿಸ್ಕು, ಬಾಗಿಲಲ್ಲಿ ಕೂತವನು ಕಂಟ್ರೋಲರ್, ಚೀಟಿ ಬರೆಯುವುದು ಡ್ರೈವರಿನ ಕೆಲಸ. ಒಂದು ಮೂಟೆ ಮುಗ್ಗಿದರೆ ನಷ್ಟ ಆ ಮೂಟೆಗಷ್ಟೆ. ಬಾಗಿಲಲ್ಲಿದ್ದವನೇ ಕುಸಿದುಬಿದ್ದರೆ ಒಳಗಿನ ಅಕ್ಕಿಬೇಳೆ ನೆಟ್ಟಗಿದ್ದರೂ ಊರಿಗೆಲ್ಲ ಉಪವಾಸ. ಕೆಟ್ಟ ಸೆಕ್ಟರನ್ನು ಮತ್ತೆ ಮತ್ತೆ ಓದಿ ನೋಡುವುದನ್ನು ಡ್ರೈವರ್ ಬರೆಯುವವರು ಬಹುಬೇಗ ಕಲಿತರು. ಕಂಟ್ರೋಲರೇ ಮೌನವಾದಾಗ ಎಷ್ಟು ಹೊತ್ತು ಕಾಯಬೇಕು, ಯಾವಾಗ ಸತ್ತಿತೆಂದು ಸಾರಬೇಕು, ಸಾರಿದ ಮೇಲೆ ಬಾಕಿ ಉಳಿದ ಚೀಟಿಗಳನ್ನು ಏನು ಮಾಡಬೇಕು ಎಂಬುದನ್ನು ಕಲಿಯಲು ನಾಲ್ಕು ದಶಕ ಹಿಡಿಯಿತು.

ಹಣವಿದ್ದ ಕಡೆ ಈ ಪಾಠ ಮೊದಲೇ ಆಗಿತ್ತು. 1964ರ ಏಪ್ರಿಲ್ 7ರಂದು ಐಬಿಎಂ ಪ್ರಕಟಿಸಿದ ಸಿಸ್ಟಮ್/360 ಯಂತ್ರಗಳಲ್ಲಿ ಪ್ರೊಸೆಸರಿನಿಂದ ಡಿಸ್ಕಿಗೆ ಹೋಗುವ ದಾರಿಯಲ್ಲಿ ‘ಚಾನೆಲ್’, ‘ಕಂಟ್ರೋಲ್ ಯೂನಿಟ್’ ಎಂಬ ಎರಡು ಘಟ್ಟಗಳಿದ್ದವು. ಏನಾದರೂ ಎಡವಟ್ಟಾದರೆ ಕಂಟ್ರೋಲ್ ಯೂನಿಟ್ ಒಂದು ಸಂಕೇತ ಕೊಡುತ್ತಿತ್ತು. ಆಪರೇಟಿಂಗ್ ಸಿಸ್ಟಮ್ ‘ಸೆನ್ಸ್’ ಆಜ್ಞೆ ಕಳಿಸಿ ವಿವರ ಕೇಳಿಕೊಳ್ಳುತ್ತಿತ್ತು. ಒಂದೊಂದು ಬಗೆಯ ಸಾಧನಕ್ಕೂ ಒಂದೊಂದು ದೋಷ ಪರಿಹಾರ ಕ್ರಮ ಬರೆದಿಡಲಾಗಿತ್ತು. ಇಷ್ಟೆಲ್ಲ ಕೆಲಸ ಮಾಡುವುದು ಕಂಟ್ರೋಲ್ ಯೂನಿಟ್ ಬಾಯಿಬಿಟ್ಟರೆ. ಅದು ಸುಮ್ಮನಾದರೆ? ಅದಕ್ಕೆ ಐಬಿಎಂ ಮುಂದೆ ತಂದ ಎಂವಿಎಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಬೇರೊಂದು ಕಾವಲುಗಾರನನ್ನು ಇಟ್ಟರು. ಕೊಟ್ಟ ಕೆಲಸ ಮುಗಿದ ಸುದ್ದಿ ಗೊತ್ತುಪಡಿಸಿದ ಹೊತ್ತಿನೊಳಗೆ ಬಂತೇ ಇಲ್ಲವೇ ಎಂದು ನೋಡುತ್ತಿರುವುದಷ್ಟೇ ಅದರ ಕೆಲಸ. ಬಾರದಿದ್ದರೆ ಆಪರೇಟರಿಗೆ ಸುದ್ದಿ ಹೋಗುತ್ತಿತ್ತು. ದಾರಿ ಕೆಟ್ಟಿದ್ದರೆ ಅದೇ ಡಿಸ್ಕಿಗೆ ಇರುವ ಇನ್ನೊಂದು ದಾರಿ ಹಿಡಿಯುವ ಏರ್ಪಾಡೂ ಇತ್ತು. ಯಾವುದಕ್ಕೂ ಬಗ್ಗದ ಸಾಧನವನ್ನು ‘ಬಾಕ್ಸ್’ ಮಾಡುತ್ತಿದ್ದರು, ಅಂದರೆ ಇನ್ನು ಮುಂದೆ ಅದಕ್ಕೆ ಯಾರೂ ಕೆಲಸ ಕೊಡಕೂಡದು. ಸತ್ತದ್ದನ್ನು ಸತ್ತಿತೆಂದು ದಾಖಲೆಯಲ್ಲಿ ಬರೆಯುವ ಪದ್ಧತಿ ಅಲ್ಲಿ ಆಗಲೇ ಇತ್ತು.

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಜೇಮ್ಸ್ ಟ್ರೇಬಿಗ್ ಮತ್ತು ಸಂಗಡಿಗರು 1974ರಲ್ಲಿ ಕಟ್ಟಿದ ಟ್ಯಾಂಡೆಮ್ ಕಂಪ್ಯೂಟರ್ಸ್, ಒಂದು ದಾರಿ ಕೆಟ್ಟರೆ ಇನ್ನೊಂದು ಹಿಡಿಯುವ ಈ ಏರ್ಪಾಡನ್ನೇ ವ್ಯಾಪಾರ ಮಾಡಿಕೊಂಡಿತು. 1976ರಲ್ಲಿ ಅವರ ಮೊದಲ ಯಂತ್ರ ಹೋದದ್ದು ಸಿಟಿಬ್ಯಾಂಕಿಗೆ. ಅದರಲ್ಲಿ ಪ್ರತಿ ಕಂಟ್ರೋಲರಿಗೂ ಎರಡು ಬಾಗಿಲು, ಒಂದೊಂದು ಬಾಗಿಲು ಒಂದೊಂದು ಪ್ರೊಸೆಸರಿನ ಕಡೆಗೆ. ಪ್ರತಿ ಡಿಸ್ಕೂ ಎರಡು ಕಂಟ್ರೋಲರುಗಳಿಗೆ ಅಂಟಿಕೊಳ್ಳಬಹುದಿತ್ತು, ಡಿಸ್ಕೇ ಜೋಡಿಯಾಗಿರುತ್ತಿತ್ತು. ಡ್ರೈವರಿನ ಕೆಲಸ ಮಾಡುವ ಪ್ರೋಗ್ರಾಮೂ ಜೋಡಿ: ಒಂದು ದುಡಿಯುತ್ತಿದ್ದರೆ ಇನ್ನೊಂದು ಬೇರೆ ಪ್ರೊಸೆಸರಿನಲ್ಲಿ ಕೂತು ಅದರ ಲೆಕ್ಕವನ್ನು ನಕಲು ಮಾಡಿಕೊಳ್ಳುತ್ತಿತ್ತು. ಬ್ಯಾಂಕು ಇದಕ್ಕೆಲ್ಲ ದುಡ್ಡು ತೆರಲು ತಯಾರಿತ್ತು.

ಟ್ಯಾಂಡೆಮ್‌ನಲ್ಲಿದ್ದ ಜಿಮ್ ಗ್ರೇ 1985ರಲ್ಲಿ, ಕಂಪ್ಯೂಟರುಗಳು ಏಕೆ ನಿಲ್ಲುತ್ತವೆ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಸಿ ಒಂದು ವರದಿ ಬರೆದರು. ಗ್ರಾಹಕರ ಯಂತ್ರಗಳು ನಿಂತ ಪ್ರಸಂಗಗಳನ್ನು ವಿಂಗಡಿಸಿದಾಗ ಶೇ 42ರಷ್ಟಕ್ಕೆ ಯಂತ್ರ ನೋಡಿಕೊಳ್ಳುವ ಮನುಷ್ಯರು, ಶೇ 25ಕ್ಕೆ ಸಾಫ್ಟ್‌ವೇರ್ ಕಾರಣವಾಗಿದ್ದವು. ಹಾರ್ಡ್‌ವೇರಿನ ಪಾಲು ಶೇ 18 ಮಾತ್ರ. ಎರಡೆರಡು ಕಂಟ್ರೋಲರ್ ಇಟ್ಟ ಫಲ ಅದು. ಒಂದು ಭಾಗ ಕೆಲಸ ಮಾಡಿದರೆ ಸರಿಯಾಗಿ ಮಾಡಬೇಕು, ಇಲ್ಲವಾದರೆ ಆ ಕ್ಷಣವೇ ನಿಂತುಬಿಡಬೇಕು ಎಂಬ ತತ್ವವನ್ನು ಗ್ರೇ ಆ ಬರಹದಲ್ಲಿ ಒತ್ತಿ ಹೇಳಿದರು. ಅಗ್ಗದ ಯಂತ್ರಗಳ ಜಗತ್ತಿಗೆ ಕಾದಿದ್ದ ತೊಂದರೆ ಇದೇ. ಅಲ್ಲಿನ ಕಂಟ್ರೋಲರುಗಳು ಹಾಗೆ ಮರ್ಯಾದೆಯಿಂದ ನಿಲ್ಲುವ ಜಾತಿಯವಾಗಿರಲಿಲ್ಲ.

1981ರ ಐಬಿಎಂ ಪಿಸಿಗೆ ಬಂದರೆ ಚಿತ್ರ ಪೂರ್ತಿ ಬೇರೆ. ಫ್ಲಾಪಿ ಓದುವಾಗ ಮೋಟರು ವೇಗ ಹಿಡಿಯುವವರೆಗೆ ಬಯೋಸ್ ಕಾಯುತ್ತಿರಲಿಲ್ಲ. ಹಾಗಾಗಿ ಮೊದಲ ಓದು ಕೆಟ್ಟರೆ ಅದು ನಿಜವಾದ ದೋಷವೆಂದು ತಿಳಿಯಬೇಡಿ, ರೀಸೆಟ್ ಮಾಡಿ ಮೂರು ಸಲ ನೋಡಿ ಎಂಬುದು ಐಬಿಎಂ ಕೊಟ್ಟ ಸಲಹೆ. ಮೂರು ಸಲಕ್ಕೂ ಬಗ್ಗದಿದ್ದರೆ ಪಿಸಿಯ ಆಪರೇಟಿಂಗ್ ಸಿಸ್ಟಮ್ ಡಾಸ್ ತೀರ್ಮಾನವನ್ನು ಎದುರಿಗೆ ಕೂತವರ ತಲೆಗೇ ಕಟ್ಟುತ್ತಿತ್ತು: ಅಬಾರ್ಟ್, ರಿಟ್ರೈ, ಇಗ್ನೋರ್? ಕೆಲಸವನ್ನು ಕೊಲ್ಲಲೇ, ಮತ್ತೆ ನೋಡಲೇ, ಏನೂ ಆಗಿಲ್ಲವೆಂದು ಮುಂದೆ ಹೋಗಲೇ? ಇಗ್ನೋರ್ ಒತ್ತಿದರೆ ಓದದೇ ಇದ್ದದ್ದನ್ನು ಓದಿದೆನೆಂದು ಪ್ರೋಗ್ರಾಮ್ ನಂಬಿ ನಡೆಯುತ್ತಿತ್ತು. ತಪ್ಪಾಯಿತೆಂದು ಪ್ರೋಗ್ರಾಮಿಗೆ ನೇರವಾಗಿ ತಿಳಿಸುವ ‘ಫೇಲ್’ ಎಂಬ ನಾಲ್ಕನೆಯ ದಾರಿ ಸಿಕ್ಕಿದ್ದು ಡಾಸ್ 3.3ರಲ್ಲಿ, 1987ರಲ್ಲಿ. ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತವರಿಗೆ ಆ ಪ್ರಶ್ನೆ ಇಂದಿಗೂ ನೆನಪಿರುತ್ತದೆ. ಡ್ರೈವರ್ ಮಾಡಬೇಕಾದ ತೀರ್ಪನ್ನು ಅಕೌಂಟೆಂಟರ ಕೈಯಲ್ಲಿ ಮಾಡಿಸಿದ ಕಾಲ ಅದು.

ಮೌನವಾಗುವ ಕಂಟ್ರೋಲರಿಗಿಂತ ಕೆಟ್ಟದ್ದು ಸುಳ್ಳು ಹೇಳುವ ಕಂಟ್ರೋಲರ್. 1995ರಲ್ಲಿ ಪೆಂಟಿಯಂ, 486 ಮದರ್‌ಬೋರ್ಡುಗಳಲ್ಲಿ ಬಳಕೆಯಲ್ಲಿದ್ದ, ಡಿಸ್ಕ್ ನಡೆಸುವ ಎರಡು ಐಡಿಇ ಚಿಪ್‌ಗಳ ವಿಷಯ ಬಯಲಿಗೆ ಬಂತು: ಆರ್‌ಝಡ್1000 ಮತ್ತು ಸಿಎಂಡಿ640. ಅವು ನಿಲ್ಲುತ್ತಿರಲಿಲ್ಲ, ದೂರುತ್ತಿರಲಿಲ್ಲ, ಕೆಲಸ ಸುಸೂತ್ರವಾಯಿತೆಂದು ವರದಿ ಕೊಡುತ್ತಿದ್ದವು. ಕೊಟ್ಟ ದತ್ತಾಂಶ ಮಾತ್ರ ಕೆಲವೊಮ್ಮೆ ಹಾಳಾಗಿರುತ್ತಿತ್ತು. ಮರುಪ್ರಯತ್ನ, ಟೈಮ್‌ಔಟ್ ಯಾವುದೂ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ತಪ್ಪಾಗಿದೆ ಎಂದು ಡ್ರೈವರಿಗೆ ಗೊತ್ತೇ ಆಗುವುದಿಲ್ಲ. ಲಿನಕ್ಸ್ ಬರೆಯುವವರು ಹಿಡಿದದ್ದು ಒಂದೇ ಉಪಾಯ. ಚಿಪ್ಪಿನ ಗುರುತು ಹಿಡಿದು ಅದರ ಕೈಕಟ್ಟುವುದು. ಆರ್‌ಝಡ್1000 ಕಂಡರೆ ಮುಂಗಡವಾಗಿ ಓದಿಟ್ಟುಕೊಳ್ಳುವ ಅದರ ಸೌಲಭ್ಯವನ್ನು ನಿಲ್ಲಿಸು. ಸಿಎಂಡಿ640 ಕಂಡರೆ ಅದರ ಎರಡು ಕವಲುಗಳನ್ನು ಒಟ್ಟಿಗೆ ದುಡಿಸಬೇಡ, ಒಂದಾದ ಮೇಲೊಂದು. ಇಂಥ ಅಪರಾಧಿಗಳ ಪಟ್ಟಿ ಇಟ್ಟುಕೊಳ್ಳುವ ಪದ್ಧತಿ ಕರ್ನಲ್ಲಿನಲ್ಲಿ ಇವತ್ತಿಗೂ ಬೆಳೆಯುತ್ತಲೇ ಇದೆ.

ಕಂಟ್ರೋಲರ್ ಕೆಟ್ಟಾಗ ಏನು ಮಾಡಬೇಕೆಂಬುದನ್ನು ಕ್ರಮಬದ್ಧ ಶಾಸ್ತ್ರವಾಗಿ ಅಗ್ಗದ ಯಂತ್ರಗಳಿಗೆ ತಂದದ್ದು ಸ್ಕಸಿ. ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿಯ ಸಾಸಿ ಎಂಬ ಜೋಡಣೆಯಿಂದ ಹುಟ್ಟಿ 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾದ ಈ ಪದ್ಧತಿಯಲ್ಲಿ ಒಂದೇ ತಂತಿಗೆ ಹಲವು ಡಿಸ್ಕುಗಳು ನೇತಾಡುತ್ತವೆ. ಒಂದು ಕೈಕೊಟ್ಟರೆ ತಂತಿಯೇ ಸಿಕ್ಕಿಕೊಂಡು ಉಳಿದವೂ ಮೂಕವಾಗಬಹುದು. ಹಾಗಾಗಿ ತಪ್ಪು ಡಿಸ್ಕಿನದೋ, ತಂತಿಯದೋ, ಕಂಟ್ರೋಲರ್ ಕಾರ್ಡಿನದೋ ಎಂದು ಪತ್ತೆ ಹಚ್ಚುವುದೇ ಅರ್ಧ ಕೆಲಸ.

ಲಿನಕ್ಸಿನ ಮೊದಲ ಆವೃತ್ತಿಗಳಲ್ಲಿ ಈ ಪತ್ತೆದಾರಿ ಅಸ್ತವ್ಯಸ್ತವಾಗಿತ್ತು. 1997ರಲ್ಲಿ ಎರಿಕ್ ಯಂಗ್‌ಡೇಲ್ ಅದನ್ನು ಹೊಸದಾಗಿ ಬರೆದರು. ಲಿನಕ್ಸ್ ಎಕ್ಸ್‌ಪೋ ಸಮ್ಮೇಳನದಲ್ಲಿ ಲಿಯೊನಾರ್ಡ್ ಝುಬ್ಕಾಫ್ ಮೊದಲಾದವರ ಜೊತೆ ನಡೆಸಿದ ಮಾತುಕತೆಯಿಂದ ಅದು ಹುಟ್ಟಿತೆಂದು ಆ ಕಡತದ ನೆತ್ತಿಯ ಮೇಲೇ ಬರೆದಿದೆ. ಬಸ್‌ಲಾಜಿಕ್, ಮೈಲೆಕ್ಸ್ ಕಾರ್ಡುಗಳಿಗೆ ಡ್ರೈವರ್ ಬರೆದುಕೊಟ್ಟ ಝುಬ್ಕಾಫ್ 2002ರಲ್ಲಿ ಅಲಾಸ್ಕಾದ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅವರೆಲ್ಲ ಕೂಡಿ ರೂಪಿಸಿದ ಕ್ರಮ ಇದು. ಮೊದಲು, ಉತ್ತರ ಬಾರದ ಆ ಒಂದು ಆಜ್ಞೆಯನ್ನು ಮಾತ್ರ ರದ್ದು ಮಾಡಲು ಹೇಳು. ಬಳಿಕ ‘ಸಿದ್ಧವಿದ್ದೀಯಾ’ ಎಂಬ ಚಿಕ್ಕ ಪ್ರಶ್ನೆ ಕೇಳಿ ನೋಡು. ಉತ್ತರವಿಲ್ಲವೆಂದರೆ ಆ ಡಿಸ್ಕನ್ನು ರೀಸೆಟ್ ಮಾಡು. ಅದಕ್ಕೂ ಬಗ್ಗದಿದ್ದರೆ ತಂತಿಯನ್ನೇ ರೀಸೆಟ್ ಮಾಡು. ಆಗ ಪಕ್ಕದ ಡಿಸ್ಕುಗಳ ಕೆಲಸವೂ ಹಾಳಾಗುತ್ತದೆ, ಆಗಲಿ. ಕೊನೆಗೆ ಕಂಟ್ರೋಲರ್ ಕಾರ್ಡನ್ನೇ ರೀಸೆಟ್ ಮಾಡು. ಒಂದೊಂದು ಹೆಜ್ಜೆಯ ನಂತರವೂ ಆ ಚಿಕ್ಕ ಪ್ರಶ್ನೆಯನ್ನು ಮತ್ತೆ ಕೇಳು. ಎಲ್ಲವೂ ಸೋತರೆ ಡಿಸ್ಕನ್ನು ಆಫ್‌ಲೈನ್ ಎಂದು ಬರೆದು ಮುಂದೆ ಯಾರಿಂದಲೂ ಕೆಲಸ ತೆಗೆದುಕೊಳ್ಳಬೇಡ.

ಕಡಿಮೆ ಹಾನಿಯಿಂದ ಹೆಚ್ಚು ಹಾನಿಯ ಕಡೆಗೆ ಹೋಗುವ ಈ ಕ್ರಮಕ್ಕೆ ಯಾರೂ ಕೊಂಕು ತೆಗೆಯುವಂತಿಲ್ಲ. ತೊಂದರೆ ಇದ್ದುದು ಗಡಿಯಾರದಲ್ಲಿ. ಡಿಸ್ಕಿನ ಆಜ್ಞೆಗೆ ಲಿನಕ್ಸ್ ಕೊಡುವ ಸಾಮಾನ್ಯ ಗಡುವು 30 ಸೆಕೆಂಡು. ಅದು ಕಳೆದ ಮೇಲೂ ದುರಸ್ತಿ ತಕ್ಷಣ ಶುರುವಾಗುವುದಿಲ್ಲ. ಅದೇ ಕಾರ್ಡಿನ ಮೇಲೆ ಬಾಕಿ ಇರುವ ಮಿಕ್ಕ ಆಜ್ಞೆಗಳೆಲ್ಲ ಒಂದೋ ಮುಗಿಯಬೇಕು, ಇಲ್ಲವೇ ಅವುಗಳ ಗಡುವೂ ಮೀರಬೇಕು. ಆಮೇಲೆ ದುರಸ್ತಿಯ ಒಂದೊಂದು ಹೆಜ್ಜೆಗೂ ಅದರದೇ ಕಾಯುವಿಕೆ. ಅಷ್ಟು ಹೊತ್ತೂ ಆ ಕಾರ್ಡಿನ ಕೆಳಗಿನ ಆರೋಗ್ಯವಂತ ಡಿಸ್ಕುಗಳೂ ಖಾಲಿ ಕೂತಿರಬೇಕು. ಡಿಸ್ಕುಗಳ ಸಂಖ್ಯೆ ಹೆಚ್ಚಿದಂತೆ ನಿಮಿಷಗಳು ಒಂದರ ಮೇಲೊಂದು ಬಿದ್ದವು. ಇನ್ನೊಂದು ದಾರಿಯಲ್ಲಿ ಅದೇ ದತ್ತಾಂಶ ಕೈಗೆ ಸಿಗುವಂತಿದ್ದರೂ, ಈ ದಾರಿ ಸತ್ತಿತೆಂದು ಡ್ರೈವರ್ ಒಪ್ಪುವವರೆಗೆ ಅತ್ತ ಹೊರಳುವಂತಿರಲಿಲ್ಲ. ಇಡೀ ದುರಸ್ತಿಗೆ ಒಂದು ಒಟ್ಟು ಗಡುವು ಹಾಕಿ, ಅದು ಮೀರಿದರೆ ನಡುವಿನ ಹೆಜ್ಜೆ ಬಿಟ್ಟು ನೇರ ಕಾರ್ಡಿನ ರೀಸೆಟ್‌ಗೆ ಹೋಗು ಎನ್ನುವ ಅವಕಾಶ ಕರ್ನಲ್ಲಿಗೆ ಬರಲು ಒಂದೂವರೆ ದಶಕವೇ ಬೇಕಾಯಿತು. ತಾಳ್ಮೆಯೇ ದೋಷವಾದ ಪ್ರಸಂಗ ಇದು.

ಇಷ್ಟಾದರೂ ಆರ್‌ಕೆ ಡ್ರೈವರಿನ ಆ ಕಾಯುವ ಸಾಲು ಸತ್ತಿರಲಿಲ್ಲ. ಅದರ ವಂಶ ನೂರಾರು ಡ್ರೈವರುಗಳಲ್ಲಿ ಹಬ್ಬಿತ್ತು. ಯಂತ್ರಕ್ಕೆ ಕಾರ್ಡು ಜೋಡಿಸುವ ಪಿಸಿಐ ಪದ್ಧತಿ ಬಂದ ಮೇಲೆ ಅದಕ್ಕೊಂದು ಹೊಸ ವಿಷ ಸೇರಿತು. ಪಿಸಿಐ ಕಾರ್ಡು ಸತ್ತರೆ ಅಥವಾ ಕಿತ್ತುಬಂದರೆ, ಅದರ ರಿಜಿಸ್ಟರ್ ಓದಲು ಹೋದ ಡ್ರೈವರಿಗೆ ಸೊನ್ನೆ ಸಿಗುವುದಿಲ್ಲ. 32 ಬಿಟ್‌ಗಳಿಗೆ 32ಕ್ಕೂ ಒಂದು ಎಂಬ ಉತ್ತರ ಸಿಗುತ್ತದೆ. ಪ್ರಶ್ನೆ ಏನೇ ಇರಲಿ, ಉತ್ತರ ‘ಹೌದು’. ಕೆಲಸದಲ್ಲಿದ್ದೀಯಾ? ಹೌದು. ಇಂಟರಪ್ಟ್ ಕೊಟ್ಟವನು ನೀನೇನಾ? ಹೌದು. ತಪ್ಪಾಗಿದೆಯಾ? ಹೌದು. ‘ಕೆಲಸದಲ್ಲಿದೆ’ ಎಂಬ ಬಿಟ್ ಇಳಿಯಲಿ ಎಂದು ಕಾಯುವ ಡ್ರೈವರ್ ಪ್ರಳಯದವರೆಗೆ ಕಾಯುತ್ತದೆ. ಆ ಸಂಖ್ಯೆಯನ್ನೇ ಪಟ್ಟಿಯ ಸೂಚಿಯೆಂದು ನಂಬುವ ಡ್ರೈವರ್ ಎಲ್ಲೋ ದೂರದ ಮೆಮೊರಿಗೆ ಕೈಹಾಕಿ ಕರ್ನಲ್ಲನ್ನೇ ಬೀಳಿಸುತ್ತದೆ.

ಐಬಿಎಂನ ಪಿಸೀರೀಸ್ ಸರ್ವರುಗಳಲ್ಲಿ ಈ ಸ್ಥಿತಿಯನ್ನು ಬೇಕೆಂದೇ ಉಂಟುಮಾಡುವ ವ್ಯವಸ್ಥೆ ಇತ್ತು. ಕಾರ್ಡು ಕೆಟ್ಟದ್ದು ಕಂಡ ಕೂಡಲೇ ಹಾರ್ಡ್‌ವೇರ್ ಆ ಸ್ಲಾಟನ್ನು ಬೇರ್ಪಡಿಸಿ ಹೆಪ್ಪುಗಟ್ಟಿಸುತ್ತಿತ್ತು. ಅದು ಮೆಮೊರಿಗೆ ಬರೆಯುವಂತಿಲ್ಲ, ಓದಿದರೆ ಬರೀ ಒಂದುಗಳು. ಹಾಳು ದತ್ತಾಂಶ ಹರಡುವುದಕ್ಕಿಂತ ಕಾರ್ಡು ನಿಲ್ಲುವುದು ಮೇಲು ಎಂಬ ಗ್ರೇ ಅವರ ತತ್ವವೇ ಅದು. ಡ್ರೈವರುಗಳು ಅದಕ್ಕೆ ತಯಾರಿರಲಿಲ್ಲ. ಐಬಿಎಂನ ಲಿನಾಸ್ ವೆಪ್ಸ್ಟಾಸ್ ಮತ್ತಿತರರು 2006ರ ಹೊತ್ತಿಗೆ ಲಿನಕ್ಸಿಗೆ ಒಂದು ಸಂಭಾಷಣೆಯ ಕ್ರಮ ತಂದರು. ಕರ್ನಲ್ ಡ್ರೈವರಿಗೆ ಹೇಳುತ್ತದೆ: ನಿನ್ನ ಕಾರ್ಡು ಹೆಪ್ಪುಗಟ್ಟಿದೆ, ಏನು ಮಾಡೋಣ? ಡ್ರೈವರ್ ಮೂರು ಬಗೆಯಲ್ಲಿ ಉತ್ತರಿಸಬಹುದು: ನಾನೇ ಸರಿಮಾಡುತ್ತೇನೆ, ಸ್ಲಾಟ್ ರೀಸೆಟ್ ಮಾಡಿಕೊಡು, ಇನ್ನು ಆಸೆಯಿಲ್ಲ ಸಂಪರ್ಕ ಕಡಿದುಬಿಡು. ಒಪ್ಪಿಗೆಯಾದಂತೆ ರೀಸೆಟ್ ನಡೆದು, ಕೊನೆಗೆ ‘ಶುರುಮಾಡು’ ಎಂಬ ಕರೆ ಬರುತ್ತದೆ. ಸತ್ತ ಕಾರ್ಡನ್ನು ಓದುತ್ತಲೇ ಇರುವ ಡ್ರೈವರ್ ಕಂಡರೆ, ಇದು ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿರಬಹುದೆಂದು ಹೆಸರು ಹಿಡಿದು ಎಚ್ಚರಿಕೆ ಅಚ್ಚು ಹಾಕುವ ಸಾಲೂ ಆ ಕೋಡಿನಲ್ಲಿದೆ. 1975ರ ನಂಬಿಕೆಗೆ ಬಿದ್ದ ಅಧಿಕೃತ ದಂಡ ಅದು.

ಆ ನಂಬಿಕೆ ಎಷ್ಟು ಕಡೆ ಉಳಿದಿತ್ತು ಎಂಬ ಎಣಿಕೆಯೂ ಆಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಸೀಮ್ ಕದವ್, ಮ್ಯಾಥ್ಯೂ ರೆಂಜೆಲ್‌ಮನ್, ಮೈಕೆಲ್ ಸ್ವಿಫ್ಟ್ 2009ರಲ್ಲಿ ‘ಕಾರ್ಬ್ಯುರೈಸರ್’ ಎಂಬ ಉಪಕರಣ ಕಟ್ಟಿದರು. ಡ್ರೈವರಿನ ಮೂಲ ಕೋಡ್ ಓದಿ, ಹಾರ್ಡ್‌ವೇರ್ ಹೇಳಿದ್ದನ್ನು ಪರೀಕ್ಷಿಸದೆ ನಂಬಿದ ಜಾಗಗಳನ್ನು ಅದು ಹುಡುಕುತ್ತದೆ. ಲಿನಕ್ಸ್ ಡ್ರೈವರುಗಳಲ್ಲಿ ಸಿಕ್ಕಿದವು ಹತ್ತಿರ ಹತ್ತಿರ ಸಾವಿರ; ಸುಳ್ಳು ಎಚ್ಚರಿಕೆ ಶೇ 8ಕ್ಕಿಂತ ಕಡಿಮೆ. ಗಡುವಿಲ್ಲದ ಕಾಯುವ ಸುತ್ತುಗಳು ಅದರಲ್ಲಿ ಒಂದು ದೊಡ್ಡ ಗುಂಪು. 840 ತಪ್ಪುಗಳನ್ನು ಆ ಉಪಕರಣ ಮನುಷ್ಯರ ಸಹಾಯವಿಲ್ಲದೆ ತಾನೇ ತಿದ್ದಬಲ್ಲದಾಗಿತ್ತು. ಯಂತ್ರದ ಮೇಲೆ ಎಷ್ಟೇ ಹೊರೆ ಹೇರಿ ಪರೀಕ್ಷಿಸಿದರೂ ಇವು ಸಿಕ್ಕುವುದಿಲ್ಲ. ನಿಜವಾಗಿ ಒಂದು ಕಾರ್ಡು ಸಾಯಬೇಕು. ಪ್ರಯೋಗಶಾಲೆಯಲ್ಲಿ ಬೇಕೆಂದಾಗ ಬೇಕಾದ ಹಾಗೆ ಸಾಯುವ ಕಾರ್ಡು ಎಲ್ಲಿಂದ ತರುವುದು?

ಸಾವನ್ನು ಖಚಿತಪಡಿಸಿಕೊಳ್ಳುವ ಕಲೆಯ ಒಂದು ಒಳ್ಳೆಯ ಮಾದರಿ ಎಚ್‌ಪಿ ಕಂಪನಿಯ ಸ್ಮಾರ್ಟ್ ಅರೇ ಕಾರ್ಡುಗಳ ಡ್ರೈವರಿನಲ್ಲಿದೆ. ಕಾಂಪ್ಯಾಕ್ ಕಾಲದಿಂದ ಬಂದ ಈ ರೇಡ್ ಕಾರ್ಡುಗಳಲ್ಲಿ ಸ್ವಂತ ಪ್ರೊಸೆಸರ್, ಸ್ವಂತ ಸಾಫ್ಟ್‌ವೇರ್ ಇರುತ್ತದೆ; ಅದೂ ಒಂದು ಕಂಪ್ಯೂಟರ್, ಹಾಗಾಗಿ ಅದೂ ‘ಹ್ಯಾಂಗ್’ ಆಗುತ್ತದೆ. ಕಾರ್ಡಿನೊಳಗೆ ಎದೆಬಡಿತದ ಹಾಗೆ ಏರುತ್ತಾ ಹೋಗುವ ಒಂದು ಎಣಿಕೆ ಇದೆ. 2011ರ ಸುಮಾರಿಗೆ ಸೇರಿಸಿದ ಕೋಡು ಅರ್ಧ ನಿಮಿಷಕ್ಕೊಮ್ಮೆ ನಾಡಿ ಹಿಡಿಯುತ್ತದೆ. ಇತ್ತೀಚೆಗೆ ಇಂಟರಪ್ಟ್ ಬಂದಿದ್ದರೆ ನೋಡುವ ಗೋಜಿಗೇ ಹೋಗುವುದಿಲ್ಲ, ಜೀವ ಇರುವುದು ಖಾತ್ರಿ. ಬಂದಿಲ್ಲವೆಂದರೆ ಎಣಿಕೆ ಓದುತ್ತದೆ. ಹಿಂದಿನ ಸಲ ಇದ್ದಲ್ಲೇ ಇದ್ದರೆ ಕಾರ್ಡು ಕಟ್ಟಿಕೊಂಡಿದೆ ಎಂದು ಸಾರುತ್ತದೆ. ಕಾರ್ಡಿಗೆ ಹೊಸ ಫರ್ಮ್‌ವೇರ್ ತುಂಬುವಾಗ ಎದೆಬಡಿತ ಸ್ವಲ್ಪ ಹೊತ್ತು ನಿಲ್ಲುವುದು ಸಹಜ, ಆಗ ಈ ಅವಧಿಯನ್ನು ಹಿಗ್ಗಿಸುತ್ತಾರೆ. ಆಪರೇಷನ್ ಟೇಬಲ್ಲಿನ ಮೇಲಿರುವವರ ಮರಣಪತ್ರ ಬರೆಯಬಾರದಲ್ಲ.

ಸತ್ತಿತೆಂದು ಸಾರಿದ ಮೇಲೆ ಬರುತ್ತದೆ ನಿಜವಾದ ಕಷ್ಟ. ಕಾರ್ಡಿನ ಕೈಯಲ್ಲಿ ನೂರಾರು ಆಜ್ಞೆಗಳು ಬಾಕಿ ಇರುತ್ತವೆ. ಒಂದೊಂದರ ಹಿಂದೆಯೂ ಯಾವುದೋ ಪ್ರೋಗ್ರಾಮ್ ಕಾಯುತ್ತಿರುತ್ತದೆ. ಎಲ್ಲವನ್ನೂ ವಿಫಲವೆಂದು ಹಿಂದಿರುಗಿಸಬೇಕು, ಒಂದನ್ನೂ ಮರೆಯಬಾರದು, ಒಂದನ್ನೂ ಎರಡು ಸಲ ಹಿಂದಿರುಗಿಸಬಾರದು. ಅದಕ್ಕಿಂತ ದೊಡ್ಡ ಅಪಾಯ, ಸತ್ತಿತೆಂದುಕೊಂಡದ್ದು ಪೂರ್ತಿ ಸತ್ತಿರದೇ ಇರುವುದು. ಕಂಟ್ರೋಲರುಗಳು ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಗೆ ಬರೆಯುತ್ತವೆ. ಡ್ರೈವರ್ ಆಜ್ಞೆಯನ್ನು ವಿಫಲವೆಂದು ಬರೆದು, ಅದಕ್ಕೆ ಮೀಸಲಿಟ್ಟ ಮೆಮೊರಿಯನ್ನು ಬೇರೆಯವರಿಗೆ ಕೊಟ್ಟ ಮೇಲೆ ಕಾರ್ಡು ಎಚ್ಚೆತ್ತು ಹಳೆಯ ಕೆಲಸ ಮುಗಿಸಿದರೆ? ಯಾರದೋ ಮೆಮೊರಿಯಲ್ಲಿ ಯಾವುದೋ ಕಡತದ ತುಣುಕು ಬಂದು ಬೀಳುತ್ತದೆ. ಆದ್ದರಿಂದ ಮೊದಲು ಕಾರ್ಡಿನ ಬರೆಯುವ ಹಕ್ಕು ಕಿತ್ತುಕೊಳ್ಳಬೇಕು, ಆಮೇಲೆ ಮೆಮೊರಿ ಬಿಡಬೇಕು. ಈ ಅನುಕ್ರಮ ತಪ್ಪಿದರೆ ದೋಷ ಎಷ್ಟೋ ದಿನದ ಮೇಲೆ ಸಂಬಂಧವೇ ಇಲ್ಲದ ಜಾಗದಲ್ಲಿ ಮುಖ ತೋರಿಸುತ್ತದೆ. ಬಿದ್ದ ಕರ್ನಲ್ಲಿನ ಮೆಮೊರಿ ಚಿತ್ರ ತೆಗೆಯಲು ಎರಡನೆಯ ಕರ್ನಲ್ ಎಬ್ಬಿಸುವ ಕೆಡಂಪ್ ಬಂದಾಗಲೂ ಇದೇ ತಲೆನೋವು. ಹಳೆಯ ಕರ್ನಲ್ ಕೊಟ್ಟ ಕೆಲಸವನ್ನು ಕಾರ್ಡು ಇನ್ನೂ ಮಾಡುತ್ತಿರುತ್ತದೆ. ಹೊಸ ಕರ್ನಲ್ಲಿನ ಡ್ರೈವರ್ ಮೊದಲು ಕಾರ್ಡನ್ನು ಬಲವಂತವಾಗಿ ರೀಸೆಟ್ ಮಾಡಬೇಕೆಂಬ ಆದೇಶ ಅದಕ್ಕೇ ಬಂದದ್ದು.

ಕಂಟ್ರೋಲರ್ ಕೆಡುವುದೆಂದರೆ ಯಾವುದೋ ಮೂಲೆಯ ಸಂಗತಿ ಎನ್ನುವವರಿಗೆ 2011ರ ಜನವರಿ 31ರ ಸುದ್ದಿ ನೆನಪಿಸಬೇಕು. ಇಂಟೆಲ್ ತನ್ನ ಹೊಚ್ಚ ಹೊಸ 6 ಸರಣಿಯ ಚಿಪ್‌ಸೆಟ್‌ನಲ್ಲಿ ವಿನ್ಯಾಸದ ತಪ್ಪಿದೆ, ಡಿಸ್ಕು ಜೋಡಿಸುವ ಅದರ ಕೆಲವು ಸಾಟಾ ಪೋರ್ಟ್‌ಗಳು ಕಾಲ ಕಳೆದಂತೆ ದುರ್ಬಲವಾಗಬಹುದು ಎಂದು ಒಪ್ಪಿಕೊಂಡಿತು. ದುರಸ್ತಿ, ಬದಲಾವಣೆಗೆ ಹಾಕಿದ ಅಂದಾಜು 70 ಕೋಟಿ ಡಾಲರ್. ಅಂಥ ಪೋರ್ಟಿನಲ್ಲಿ ತಪ್ಪುಗಳು ಹೆಚ್ಚುತ್ತ ಹೋದರೆ ಏನು ಮಾಡಬೇಕೆಂಬುದು ಲಿನಕ್ಸಿನ ಸಾಟಾ ಕೋಡಿಗೆ ಆಗಲೇ ಗೊತ್ತಿತ್ತು. 2006ರಲ್ಲಿ ತೇಜುನ್ ಹಿಯೊ ಬರೆದ ದೋಷ ನಿರ್ವಹಣೆ, ತಪ್ಪು ಮರುಕಳಿಸಿದರೆ ಜೋಡಣೆಯ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಪೂರ್ತಿ ಸಾಯಿಸುವ ಬದಲು ನಿಧಾನ ನಡೆಸು ಎನ್ನುವ ಈ ವ್ಯಾವಹಾರಿಕ ಬುದ್ಧಿ, ಮೇಲಿನ ಎಲ್ಲ ಉಪಾಯಗಳಿಗಿಂತ ಸಾಮಾನ್ಯ ಬಳಕೆದಾರರಿಗೆ ಹೆಚ್ಚು ಉಪಕಾರ ಮಾಡಿದೆ.

ಅದೇ 2011ರ ಮಾರ್ಚಿನಲ್ಲಿ ಬಂದ, ಎಸ್‌ಎಸ್‌ಡಿಗಳಿಗಾಗಿ ರೂಪಿಸಿದ ಎನ್‌ವಿಎಂಇ ಮಾನಕ ಹಳೆಯ ಪಾಠವನ್ನು ಹಾರ್ಡ್‌ವೇರಿನೊಳಕ್ಕೇ ಸೇರಿಸಿತು. ‘ನಾನು ಇನ್ನು ಉಳಿಯುವುದಿಲ್ಲ’ ಎಂದು ಕಂಟ್ರೋಲರ್ ತಾನೇ ಹೇಳಲು ಒಂದು ಬಿಟ್ ಇಟ್ಟರು. ಸಿದ್ಧವಾಗಲು ನನಗೆ ಇಷ್ಟು ಹೊತ್ತು ಬೇಕು ಎಂದು ಕಂಟ್ರೋಲರೇ ಮುಂಚಿತವಾಗಿ ಅರ್ಧ ಸೆಕೆಂಡುಗಳ ಲೆಕ್ಕದಲ್ಲಿ ಬರೆದಿಟ್ಟಿರಬೇಕು. ಎಂಟು ಬಿಟ್‌ಗಳಲ್ಲಿ ಹಿಡಿಸುವುದು ಹೆಚ್ಚೆಂದರೆ 127.5 ಸೆಕೆಂಡು. ಲಯನ್ಸರ ಪುಸ್ತಕದ ಕಾಲದಲ್ಲಿ ಇಲ್ಲದ ಗಡುವನ್ನು 34 ವರ್ಷಗಳ ನಂತರ ಮಾನಕವೇ ಬರೆದುಕೊಟ್ಟಿತು. ಲಿನಕ್ಸಿನ ಡ್ರೈವರ್ ಹೆಚ್ಚು ರಗಳೆ ಮಾಡುವುದಿಲ್ಲ. ಗಡುವು ಮೀರಿದರೆ ಮೊದಲು ಆ ಆಜ್ಞೆಯ ರದ್ದತಿ, ಅದಕ್ಕೂ ಬಗ್ಗದಿದ್ದರೆ ಕಂಟ್ರೋಲರ್ ರೀಸೆಟ್. ಸ್ಥಿತಿ ಓದಿದಾಗ ಬರೀ ಒಂದುಗಳೇ ಬಂದರೆ, ನಿಮ್ಮ ಸಾಧನದ ವಿದ್ಯುತ್ ಉಳಿತಾಯದ ಏರ್ಪಾಡು ಕೆಟ್ಟಿದೆಯೇ ನೋಡಿ, ಈ ಆಯ್ಕೆಗಳನ್ನು ಹಾಕಿ ಪ್ರಯತ್ನಿಸಿ ಎಂದು ಇತ್ತೀಚಿನ ಕರ್ನಲ್ ಸಲಹೆಯನ್ನೂ ಅಚ್ಚು ಹಾಕುತ್ತದೆ.

ಡ್ರೈವರ್ ಇಷ್ಟು ಕಷ್ಟಪಟ್ಟು ‘ಆಗಲಿಲ್ಲ’ ಎಂದರೂ ಮೇಲಿನವರು ಕೇಳಿಸಿಕೊಳ್ಳುತ್ತಾರೆಯೇ? 2008ರಲ್ಲಿ ಹರ್ಯಾಡಿ ಗುನಾವಿ ಮತ್ತು ವಿಸ್ಕಾನ್ಸಿನ್‌ನ ಅವರ ಸಂಗಡಿಗರು ಲಿನಕ್ಸಿನ ಫೈಲ್ ಸಿಸ್ಟಮ್‌ಗಳು ಹಾಗೂ ಡ್ರೈವರುಗಳಲ್ಲಿ ದೋಷದ ಸುದ್ದಿ ಕೆಳಗಿನಿಂದ ಮೇಲಕ್ಕೆ ಹೇಗೆ ಹೋಗುತ್ತದೆಂದು ಹಿಂಬಾಲಿಸಿದರು. 1153 ಕಡೆ, ಅಂದರೆ ಶೇ 13ರಷ್ಟು ಕರೆಗಳಲ್ಲಿ, ಸುದ್ದಿ ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಹತ್ತು ವರ್ಷಗಳ ನಂತರ, 2018ರಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರು ಬೆಚ್ಚಿಬಿದ್ದರು. ಡಿಸ್ಕಿಗೆ ಬರೆಯುವುದು ವಿಫಲವಾದ ಮೇಲೆ ‘ಮತ್ತೊಮ್ಮೆ ಖಾತ್ರಿಪಡಿಸು’ ಎಂದು ಕೇಳಿದರೆ ಲಿನಕ್ಸ್ ‘ಸರಿ, ಆಯಿತು’ ಎನ್ನುತ್ತಿತ್ತು. ಬರೆಯಲಾಗದ ಪುಟವನ್ನು ಅದು ಆಗಲೇ ಬರೆದಾಯಿತೆಂದು ಗುರುತು ಹಾಕಿಕೊಂಡಿರುತ್ತಿತ್ತು. ಮರುಪ್ರಯತ್ನವೇ ಇಲ್ಲಿ ಮೋಸ. 2019ರ ಫೆಬ್ರವರಿಯ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್ ಒಂದು ವಿಫಲ ಖಾತ್ರಿ ಕಂಡರೂ ಮತ್ತೆ ಕೇಳದೆ ಬೇಕೆಂದೇ ಕುಸಿಯುತ್ತದೆ. ಎದ್ದ ಮೇಲೆ ತನ್ನ ಲಾಗ್ ಓದಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಗ್ರೇ 1985ರಲ್ಲಿ ಹೇಳಿದ್ದು ಅದನ್ನೇ.

ಇನ್ನೊಂದು ಅಂಕಿಸಂಖ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೆಟ್‌ಆಪ್ ಕಂಪನಿಯ ಸುಮಾರು 39,000 ಶೇಖರಣಾ ವ್ಯವಸ್ಥೆಗಳ, 18 ಲಕ್ಷ ಡಿಸ್ಕುಗಳ 44 ತಿಂಗಳ ದಾಖಲೆಯನ್ನು ಜಾಲಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಶೇಖರಣೆ ಕೈಕೊಟ್ಟ ಪ್ರಸಂಗಗಳಲ್ಲಿ ಡಿಸ್ಕಿನ ಪಾಲು ವ್ಯವಸ್ಥೆಯಿಂದ ವ್ಯವಸ್ಥೆಗೆ ಶೇ 20ರಿಂದ 55; ಡಿಸ್ಕಿನವರೆಗಿನ ಜೋಡಣೆಗಳ ಪಾಲು ಶೇ 27ರಿಂದ 68. ಆದ್ದರಿಂದ ಓದುಗರಲ್ಲಿ ಯಾರದಾದರೂ ಲಿನಕ್ಸ್ ಯಂತ್ರದ ಕರ್ನಲ್ ಲಾಗ್‌ನಲ್ಲಿ ‘ಹಾರ್ಡ್ ರೀಸೆಟಿಂಗ್ ಲಿಂಕ್’ ಎಂಬ ಸಾಲು, ಅಥವಾ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 129 ಇಲ್ಲವೇ 11ನೆಯ ಸಂಖ್ಯೆಯ ಡಿಸ್ಕ್ ಎಚ್ಚರಿಕೆ ಮೇಲಿಂದ ಮೇಲೆ ಕಾಣಿಸಿದರೆ, ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ ಡಿಸ್ಕನ್ನು ಬದಲಿಸುವ ಮುಂಚೆ ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ ಒಮ್ಮೆ ನೋಡಿ.